ಎರಡು ಟ್ಯಾಂಕಿನ ಕಾರು, ದಾರಿ ತುಂಬ ಬೆಲ್ಲ-ನೀರು

ಮುಕುಂದಯ್ಯನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಮೊದಲು ಸಿಟ್ಟು ಬರುತ್ತಿತ್ತು, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಿದ್ದ. ಆದರೆ ಕಾರಿನ ವಿಚಾರ ಕೇಳಿದವರಿಗೆ ಮಾತ್ರ ಬೇರೆಯೇ ಮುಕುಂದಯ್ಯ ಸಿಗುತ್ತಿದ್ದ. ಕೂರಿಸಿ, ಕಾಫಿ ಕೊಟ್ಟು, ಎದ್ದು ಹೊರಟರೂ ಬಿಡದೆ ಹೇಳುತ್ತಿದ್ದ. ರಿಪ್ಪನ್‌ಪೇಟೆ ಕಡೆ ಕಾರಿದ್ದವರು ಬೆರಳೆಣಿಕೆಯಷ್ಟು ಜನ. ಕಾರು ಸಾಕುವುದು ಹೇಗೆ ಎಂದು ಅವನಿಂದ ಪಾಠ ಹೇಳಿಸಿಕೊಂಡವರು ಮಾತ್ರ ಊರಿಗೂರೇ.

ಕಾರೂ ಅಂಥದ್ದೇ. ಯಾರೋ ಕಾಫಿ ಎಸ್ಟೇಟಿನ ಸಾಹುಕಾರರು ಹಿಂದೆ ಹಡಗಿನಲ್ಲಿ ತರಿಸಿಕೊಂಡಿದ್ದ ಅಮೆರಿಕದ ಕಾರು. ತಿರುವಿನಲ್ಲಿ ಮೂತಿ ಹೋಗಿ ಎಷ್ಟೋ ಹೊತ್ತಿನ ಮೇಲೆ ಬಾಲ ಬರುತ್ತಿತ್ತು. ಅಸಲಿ ಚರ್ಮದ ಸೀಟು, ಒಳಗೇ ರೇಡಿಯೋ, ಸಿಗರೇಟು ಹಚ್ಚಿಕೊಳ್ಳಲು ಒಂದು ಗುಂಡಿ. ಮುಕುಂದಯ್ಯ ಸಿಗರೇಟು ಸೇದುವವನಲ್ಲ. ಬಂದವರಿಗೆ ತೋರಿಸಲಿಕ್ಕೆಂದೇ ಆ ಗುಂಡಿಯನ್ನು ಕೆಂಪಗೆ ಕಾಯಿಸುತ್ತಿದ್ದ.

ಕುಡಿಯುವುದರಲ್ಲೂ ಅದು ಸಾಹುಕಾರನೇ. ಎಂಬತ್ತನೇ ಇಸವಿಯಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಅವನ ಹೆಂಡತಿ ಶರಾವತಿ, "ಇದನ್ನ ಕೋಳಿಗೂಡು ಮಾಡಿ, ಮೊಟ್ಟೆಯಾದ್ರೂ ಸಿಗುತ್ತೆ" ಅಂದಳು. ಮಾತು ನಾಟಿತು. ಮಾರನೇ ದಿನವೇ ಕಾರನ್ನು ಸಾಗರಕ್ಕೆ, ಗಣೇಶಮೂರ್ತಿಯ ಶೆಡ್ಡಿಗೆ ಹೊಡೆದುಕೊಂಡು ಹೋದ.

ಗಣೇಶಮೂರ್ತಿ ಒಂದೇ ಶೆಡ್ಡಿನಲ್ಲಿ ಕಾರನ್ನೂ ಪಂಪ್‌ಸೆಟ್ಟನ್ನೂ ರಿಪೇರಿ ಮಾಡುತ್ತಿದ್ದ. ಬಾಯಿ ದೊಡ್ಡದು. "ಗೌಡ್ರೆ, ನಿಮ್ಮ ಪಂಪ್‌ಸೆಟ್ಟು ಪೆಟ್ರೋಲಲ್ಲಿ ಶುರುವಾಗಿ ಸೀಮೆಎಣ್ಣೇಲಿ ಓಡಲ್ವಾ? ಅದು ಕುಡಿಯೋದನ್ನ ಇದು ಯಾಕೆ ಕುಡೀಬಾರ್ದು? ಇದಕ್ಕೇನು ಜಾತಿ ಕೆಡುತ್ತಾ?" ಅಂದ. ಡಿಕ್ಕಿಯಲ್ಲಿ ಇನ್ನೊಂದು ಟ್ಯಾಂಕು ಕೂರಿಸಿದ. ಸ್ಟೇರಿಂಗಿನ ಕೆಳಗೆ ಒಂದು ನಲ್ಲಿ ಇಟ್ಟ. ಎಡಕ್ಕೆ ತಿರುಗಿಸಿದರೆ ಪೆಟ್ರೋಲು, ಬಲಕ್ಕೆ ತಿರುಗಿಸಿದರೆ ಸೀಮೆಎಣ್ಣೆ.

ಅಲ್ಲಿಂದ ಮುಂದೆ ಮುಕುಂದಯ್ಯನ ಪಾಠ ಇನ್ನೂ ಉದ್ದವಾಯಿತು. ಪೆಟ್ರೋಲಿನಲ್ಲೇ ಶುರು ಮಾಡಬೇಕು. ಇಂಜಿನ್ನು ಚೆನ್ನಾಗಿ ಕಾಯಬೇಕು. ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಸೀಮೆಎಣ್ಣೆ ಕೆಳಗಿಳಿದು ಇಂಜಿನ್ ಆಯಿಲನ್ನು ನೀರು ಮಾಡುತ್ತದೆ, ಆದ್ದರಿಂದ ಆಯಿಲನ್ನು ಬೇಗ ಬೇಗ ಬದಲಾಯಿಸಬೇಕು. ಎಲ್ಲಕ್ಕಿಂತ ದೊಡ್ಡದು ಕೊನೆಯದು: ನಿಲ್ಲಿಸುವುದಕ್ಕೆ ಒಂದು ಫರ್ಲಾಂಗು ಮೊದಲೇ ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಸುಟ್ಟು ಮುಗಿಸಬೇಕು. "ಸೀಮೆಎಣ್ಣೆ ಮೇಲೆ ನಿಲ್ಸಿದ್ರೋ, ಕೆಟ್ರಿ. ಆಮೇಲೆ ಪೆಟ್ರೋಲಿಲ್ದೆ ನಿಮ್ಮಪ್ಪ ಬಂದ್ರೂ ಅದು ಏಳಲ್ಲ" ಎಂದು ಮುಗಿಸುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅಕ್ಕನ ಮಗಳು ಸರೋಜಳ ಮದುವೆ ಬಂತು.

ಮದುವೆ ತೀರ್ಥಹಳ್ಳಿಯಲ್ಲಿ, ಹೊಳೆ ಪಕ್ಕದ ಛತ್ರದಲ್ಲಿ. ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಮುಕುಂದಯ್ಯನಿಗೆ ಹೆಣ್ಣುಮಕ್ಕಳಿಲ್ಲ. ಸರೋಜ ಬೆಳೆದದ್ದೇ ಅವನ ಹೆಗಲ ಮೇಲೆ. ಈ ಒಂದು ದಿನಕ್ಕಾಗಿ ಅವನು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕಾದಿದ್ದ. ಅದರ ಜೊತೆಗೆ, ಅವಳನ್ನು ತನ್ನ ಕಾರಿನಲ್ಲೇ ಕರೆತರುತ್ತೇನೆಂದು ಹಟ ಹಿಡಿದ.

ಅಕ್ಕ ಒಪ್ಪಲಿಲ್ಲ. "ಎಲ್ರೂ ಬಸ್ಸಲ್ಲಿ ಹೋಗೋಣ ಮುಕುಂದ."

"ಮದುಮಗಳು ಬಸ್ಸಲ್ಲಾ? ನಾನು ಸತ್ತಿದೀನಾ?"

"ಸರಿ, ಕರ್ಕೊಂಡು ಬಾ. ಆದ್ರೆ ಹೊತ್ತಿಗೆ ಸರಿಯಾಗಿ ನೀನು ಬರ್ಲಿಲ್ಲ ಅಂದ್ರೆ ಯಾರನ್ನಾದ್ರೂ ಕಳ್ಸಿ ಅವಳನ್ನ ಕರೆಸ್ಕೋತೀನಿ, ಎತ್ತೋದಕ್ಕೆ ನಮ್ಮ ಚಿಕ್ಕಪ್ಪನ ಮಗ ಇದಾನೆ. ಅವನೂ ಸೋದರಮಾವನೇ. ಆಮೇಲೆ ಮುಖ ಊದಿಸ್ಕೋಬೇಡ."

ಹೀಗೆ ಅಕ್ಕ, ನೆಂಟರು, ಪಾತ್ರೆಪಗಡೆ ಎಲ್ಲ ಬೆಳಿಗ್ಗೆ ಬಸ್ಸಿನಲ್ಲಿ ಹೋದವು. ಹಿಂದಿನಿಂದ ಕಾರು ಹೊರಟಿತು. ಮುಕುಂದಯ್ಯನ ಪಕ್ಕದಲ್ಲಿ ಅವನ ತಾಯಿ ದುಗ್ಗಮ್ಮ, ಹಿಂದೆ ಸರೋಜ ಮತ್ತು ಶರಾವತಿ. ಸರೋಜಳ ಮುಡಿಯಲ್ಲಿ ಮಲ್ಲಿಗೆಯ ದಂಡೆ. ಡಿಕ್ಕಿಯಿಂದ ಬರುವ ಸೀಮೆಎಣ್ಣೆಯ ವಾಸನೆಗೆ ಅದು ಎದುರುನಿಂತು ಸೋಲುತ್ತಿತ್ತು.

ಇಂಜಿನ್ನು ಕಾದಿತ್ತು. ಮುಕುಂದಯ್ಯ ಆಗಷ್ಟೇ ನಲ್ಲಿಯನ್ನು ಬಲಕ್ಕೆ ತಿರುಗಿಸಿದ್ದ. ದುಗ್ಗಮ್ಮ ಕಿಟಕಿಯಿಂದ ಕತ್ತು ಹಾಕಿ, "ಅಗಾ, ಸೀತಾರಾಮಪ್ಪನ ಮನೆ. ರಂಗಮ್ಮ ಆರತಿ ಹಿಡ್ಕೊಂಡು ನಿಂತಿದಾಳೆ. ನಿಲ್ಸು" ಅಂದಳು.

"ಒಂದು ಫರ್ಲಾಂಗು ಮೊದ್ಲೇ ಹೇಳಕ್ಕಾಗಲ್ವೇನಮ್ಮ?"

"ಮನೆ ಕಾಣೋಕೆ ಮುಂಚೆ ಹ್ಯಾಗೆ ಹೇಳ್ಲಿ?"

ಮುಕುಂದಯ್ಯ ನಲ್ಲಿಯನ್ನು ಎಡಕ್ಕೆ ತಿರುಗಿಸಿದ. ಆದರೆ ನಿಲ್ಲಿಸುವ ಹಾಗಿಲ್ಲ, ಒಂದು ಫರ್ಲಾಂಗು ಸುಡಬೇಕು. ರಂಗಮ್ಮನ ಆರತಿಯ ಮುಂದೆಯೇ ಕಾರು ಹಾದುಹೋಯಿತು. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಫರ್ಲಾಂಗು ಮುಂದೆ ಹೋಗಿ ನಿಂತು, ಆ ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲದೆ, ಅಷ್ಟೂ ದೂರ ಹಿಂದಹಿಂದಕ್ಕೇ ಬಂತು.

ಸೀತಾರಾಮಪ್ಪ ಎದೆ ಮೇಲೆ ಕೈಕಟ್ಟಿ ನಿಂತಿದ್ದ. "ಬರೋ ಮನಸ್ಸಿರ್ಲಿಲ್ಲ, ಆಮೇಲೆ ಮನಸ್ಸು ಬಂತಾ ಗೌಡ್ರೆ?"

"ಮನಸ್ಸಿತ್ತು ಮಾರಾಯ. ಕಾರ್ಬುರೇಟರಲ್ಲಿ ಸೀಮೆಎಣ್ಣೆ ಇತ್ತು."

ದಾರಿಯಲ್ಲಿ ಹೋಗುವ ಪರಿಚಯದವರಿಗೆ ಬೆಲ್ಲ-ನೀರು ಕೊಡದೆ ಕಳಿಸುವುದು ನಮ್ಮ ಕಡೆ ಇಲ್ಲ. ಕೊಟ್ಟಾಗ ಇಳಿಯದೆ ಕೂತಲ್ಲೇ ಕುಡಿಯುವುದೂ ಇಲ್ಲ. ಇಂಜಿನ್ನನ್ನು ಗುರುಗುಟ್ಟಿಸಿಕೊಂಡೇ ಬೆಲ್ಲ ಬಾಯಿಗೆ ಹಾಕಿದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಇಂಜಿನ್ನು ಆರಿಸಿದರು, ಇಳಿದರು, ಕುಡಿದರು, ಆರತಿ ಆಯಿತು. ಮತ್ತೆ ಪೆಟ್ರೋಲಿನಲ್ಲಿ ಶುರುಮಾಡಿ ಹೊರಟರು.

ಸೀತಾರಾಮಪ್ಪನ ಮನೆಯಾದ ಮೇಲೆ ದುಗ್ಗಮ್ಮನ ದೊಡ್ಡಮ್ಮನ ಮೊಮ್ಮಗಳ ಮನೆ. ಅದಾದ ಮೇಲೆ ದುಗ್ಗಮ್ಮನಿಗೆ ಒಮ್ಮೆ ಕಾಲುನೋವಿಗೆ ಬೇರು ಕೊಟ್ಟವರ ಮನೆ. ಆಮೇಲೆ ಒಂದು ಮನೆ ಯಾರದೆಂದು ದುಗ್ಗಮ್ಮನಿಗೂ ಗೊತ್ತಿರಲಿಲ್ಲ, ಆದರೆ ಅವರು ಕೈ ಮಾಡಿದರು. ಪ್ರತಿ ಸಲವೂ ಒಂದು ಫರ್ಲಾಂಗು ಮುಂದೆ, ಒಂದು ಫರ್ಲಾಂಗು ಹಿಂದೆ. ಅಷ್ಟೂ ಪೆಟ್ರೋಲು.

ಕೋಣಂದೂರು ಹತ್ತಿರವಾದಾಗ ಮುಕುಂದಯ್ಯ ನಲ್ಲಿಯನ್ನು ಬಲಕ್ಕೆ ತಿರುಗಿಸಿ ಮುಳ್ಳು ನೋಡಿದ. ಪೆಟ್ರೋಲಿನ ಮುಳ್ಳು ಮಲಗಿತ್ತು.

"ಇನ್ನು ಕೇಳ್ರಿ ಎಲ್ರೂ" ಅಂದ. "ಪೆಟ್ರೋಲು ಮುಗೀತು. ಬರೀ ಸೀಮೆಎಣ್ಣೇಲಿ ನಿಂತ್ರೆ ಇಂಜಿನ್ನು ಆರಿಹೋಗುತ್ತೆ. ತೀರ್ಥಹಳ್ಳಿವರೆಗೆ ಈ ಕಾರು ನಿಲ್ಲಲ್ಲ. ಸಾಕ್ಷಾತ್ ದೇವ್ರು ಬಂದು ಕೈ ಮಾಡ್ಲಿ, ನಿಲ್ಲಲ್ಲ."

"ಕೋಣಂದೂರಲ್ಲಿ ಮೂಕಾಂಬಿಕಾ ಕಾಯ್ತಿರ್ತಾಳೆ ಕಣೋ. ನನ್ನ ತಂಗಿ ಮಗಳು. ಏನಂದ್ಕೋತಾಳೆ?"

"ಏನಾದ್ರೂ ಅಂದ್ಕೊಳ್ಳಿ."

ಮೂಕಾಂಬಿಕಾ ರಸ್ತೆಗೇ ಬಂದು ನಿಂತಿದ್ದಳು, ಕೈಯಲ್ಲಿ ಹಿತ್ತಾಳೆ ಚೊಂಬು. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಅವಳೂ ಪಕ್ಕದಲ್ಲಿ ನಡೆದಳು, ಆಮೇಲೆ ಓಡಿದಳು. "ಎಂಥ ಅವಸರ ಅಣ್ಣಯ್ಯ, ಪೊಲೀಸ್ರು ಅಟ್ಟಿಸ್ಕೊಂಡು ಬರ್ತಿದಾರಾ?" ಅನ್ನುತ್ತಾ ಚೊಂಬನ್ನು ಕಿಟಕಿಯೊಳಗೆ ತುರುಕಿದಳು. ಶರಾವತಿ ಒಂದು ಗುಟುಕು ಕುಡಿಯುವಷ್ಟರಲ್ಲಿ ಮೂಕಾಂಬಿಕಾ ಹಿಂದುಳಿದಳು. ಚೊಂಬು ಕಾರಿನಲ್ಲೇ ಉಳಿಯಿತು.

"ಕದ್ದ ಹಾಗಾಯ್ತಲ್ಲೇ" ಎಂದು ದುಗ್ಗಮ್ಮ ಗೊಣಗಿದಳು.

ತೀರ್ಥಹಳ್ಳಿಗೆ ಇನ್ನು ಸ್ವಲ್ಪವೇ ದೂರ. ಹೊತ್ತು ಮೀರಿರಲಿಲ್ಲ. ಮುಕುಂದಯ್ಯನ ಮುಖದಲ್ಲಿ ಗೆಲುವು ಮೂಡುತ್ತಿತ್ತು. ಎದುರಿನಿಂದ ಒಂದು ಪ್ರೈವೇಟ್ ಬಸ್ಸು ಬಂದು ಕಿರಿದಾದ ಮೋರಿಯ ಮೇಲೆ ಕಾರಿನ ಪಕ್ಕಕ್ಕೇ ನಿಂತಿತು. ಡ್ರೈವರ್ ಗುತ್ಯಪ್ಪ ಹಳೇ ಪರಿಚಯ. ಹೊಸದಾಗಿ ಒಂದು ಹಳೇ ಕಾರು ಕೊಂಡಿದ್ದ.

"ಗೌಡ್ರೆ, ಒಂದೇ ಮಾತು" ಅಂದ ಗುತ್ಯಪ್ಪ. "ನಂದಕ್ಕೂ ಎರಡನೇ ಟ್ಯಾಂಕು ಹಾಕ್ಸಿದೀನಿ. ಬೆಳಿಗ್ಗೆ ಏಳೋದೇ ಇಲ್ಲ. ಯಾಕಿರಬಹುದು?"

ದೇವರಿಗೂ ನಿಲ್ಲುವುದಿಲ್ಲವೆಂದಿದ್ದ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಮುಕುಂದಯ್ಯ ಕಿಟಕಿಯಿಂದ ಅರ್ಧ ಹೊರಬಂದ. "ಯಾಕೆ ಅಂದ್ರೆ ನೀನು ಸೀಮೆಎಣ್ಣೆ ಮೇಲೇ ನಿಲ್ಲಿಸ್ತಿದೀಯ. ಹಾಗೆ ನಿಲ್ಲಿಸ್ಲೇಬಾರ್ದು. ಒಂದು ಫರ್ಲಾಂಗು ಮೊದ್ಲೇ..."

ಕಾರು ಒಮ್ಮೆ ಕೆಮ್ಮಿತು. ಎರಡು ಸಲ ನಡುಗಿತು. ಸುಮ್ಮನಾಯಿತು.

ಬಸ್ಸಿನವರೆಲ್ಲ ಕಿಟಕಿಯಲ್ಲಿದ್ದರು.

"ಅರ್ಥವಾಯ್ತು ಬಿಡಿ" ಅಂದ ಗುತ್ಯಪ್ಪ. ಅವನದು ಡೀಸೆಲ್ ಬಸ್ಸು, ಅದರಿಂದ ಪ್ರಯೋಜನವಿಲ್ಲ. ತಿರುಗಿಸಲು ಜಾಗವೂ ಇಲ್ಲ. ಕೈಮುಗಿದು ಹೊರಟೇಬಿಟ್ಟ.

ಮುಕುಂದಯ್ಯ ಕೀಲಿ ತಿರುಗಿಸಿದ, ಬೈದ, ಚಕ್ರಕ್ಕೆ ಒದ್ದ. ಕಾಲು ನೋವಾಯಿತು. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಶೇಷಪ್ಪ ಬಂದ. ಅವನು ಮದುಮಗನ ಅಕ್ಕನ ಗಂಡ. ಮದುಮಗಳು ಎಲ್ಲಿ ಎಂದು ನೋಡಿಬರಲು ಗಂಡಿನ ಕಡೆಯವರು ಕಳಿಸಿದ್ದರು.

"ಹೊತ್ತಾಯ್ತು. ಅಲ್ಲಿ ಇನ್ನೊಬ್ಬ ಸೋದರಮಾವ ಪಂಚೆ ಎತ್ತಿ ಕಟ್ಟಿ ತಯಾರಾಗಿದಾರೆ" ಅಂದ ಶೇಷಪ್ಪ. "ಮದುಮಗಳು ನನ್ನ ಹಿಂದೆ ಕೂತ್ಕೊಳ್ಳಿ. ನೀವು ನಿಮ್ಮ ಅಮೆರಿಕಾನ ತಳ್ಕೊಂಡು ಬನ್ನಿ."

"ಹೋಗ್ಲಾ ಮಾವ?" ಅಂದಳು ಸರೋಜ ಮೆಲ್ಲಗೆ.

ಮುಕುಂದಯ್ಯನ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಅವಳು ಕೇಳಿದ್ದು ತಪ್ಪಲ್ಲ. ಅವಳು ಹೋದರೆ ಮದುವೆ ಆಗುತ್ತದೆ, ಎತ್ತುವುದು ಮಾತ್ರ ಬೇರೆಯವನು. ಅವನು ಜೀವಮಾನದಲ್ಲಿ ಆಡದ ದನಿಯಲ್ಲಿ ಶೇಷಪ್ಪನನ್ನು ಕೇಳಿದ: "ಒಂದು ಚೊಂಬು ಪೆಟ್ರೋಲು ಕೊಡ್ತೀರಾ?"

ಶೇಷಪ್ಪ ಅವನ ಮುಖ ನೋಡಿದ. ಇನ್ನೊಂದು ಚುಚ್ಚುಮಾತು ನಾಲಿಗೆ ತುದಿಗೆ ಬಂದಿದ್ದಿರಬೇಕು. ನುಂಗಿಕೊಂಡು ಟ್ಯಾಂಕಿನ ಮುಚ್ಚಳ ತೆಗೆದ.

ಮೂಕಾಂಬಿಕಾಳ ಚೊಂಬಿನಲ್ಲಿ ನೀರಿತ್ತು. "ಒಂದು ಹನಿ ನೀರು ಉಳಿದ್ರೂ ಇಂಜಿನ್ನು ಏಳಲ್ಲ" ಅಂದ ಮುಕುಂದಯ್ಯ. ಶರಾವತಿ ನೀರು ಚೆಲ್ಲಿ, ತನ್ನ ಹೊಸ ಸೀರೆಯ ಸೆರಗಿನಿಂದಲೇ ಚೊಂಬನ್ನು ಒರೆಸಿ ಕೊಟ್ಟಳು. ಮುಕುಂದಯ್ಯ ಡಿಕ್ಕಿಯಲ್ಲಿದ್ದ ರಬ್ಬರ್ ಪೈಪನ್ನು ಬೈಕಿನ ಟ್ಯಾಂಕಿಗೆ ಇಳಿಬಿಟ್ಟು ಬಾಯಿಂದ ಎಳೆದ. ಮೊದಲ ಎಳೆತಕ್ಕೆ ಬಾಯಿ ತುಂಬಿತು, ಎರಡನೆಯದು ರೇಷ್ಮೆ ಅಂಗಿಯ ಮೇಲೆ ಚೆಲ್ಲಿತು, ಮೂರನೆಯದು ಚೊಂಬಿಗೆ ಬಂತು.

ಕಾರು ಎದ್ದಿತು.

ಛತ್ರದ ಮುಂದೆ ಓಲಗ ಶುರುವಾಗಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಕುಂದಯ್ಯ ಸರೋಜಳನ್ನು ಎತ್ತಿಕೊಳ್ಳಲು ತೋಳು ಚಾಚಿದ. ಅಷ್ಟರಲ್ಲಿ ಒಳಗಿನಿಂದ ಪುರೋಹಿತರು ಮೂಗರಳಿಸಿದರು.

"ಅಲ್ಲೇ ನಿಲ್ರಿ ಯಜಮಾನ್ರೆ. ಇಲ್ಲಿ ಹೋಮದ ಬೆಂಕಿ ಇದೆ. ನೀವು ಬಂದ್ರೆ ಮದುವೆ ಮನೆ ಪೂರ್ತಿ ಹೋಮ ಆಗುತ್ತೆ."

ಚಿಕ್ಕಪ್ಪನ ಮಗ ಪಂಚೆ ಕಟ್ಟಿಕೊಂಡು ಮುಂದೆ ಬಂದ.

"ಅವಳನ್ನ ಮುಟ್ಟಬೇಡ" ಅಂದ ಮುಕುಂದಯ್ಯ. ಅಂದವನೇ ಛತ್ರದ ಹಿಂದಿನ ಮೆಟ್ಟಿಲಿಳಿದು, ಬಟ್ಟೆ ಸಮೇತ ತುಂಗೆಗೆ ಬಿದ್ದ. ಸರೋಜ ಬಾಗಿಲಲ್ಲೇ ನಿಂತಳು. ಎಷ್ಟು ಕರೆದರೂ ಅಲುಗಲಿಲ್ಲ. "ಮಾವ ಬರ್ಲಿ" ಅಂದಳು ಅಷ್ಟೇ. ಓಲಗದವರು ಇನ್ನೊಂದು ಸುತ್ತು ಊದಿದರು.

ಮುಕುಂದಯ್ಯ ನೀರು ಸುರಿಸಿಕೊಂಡು ಬಂದ. ಯಾರೋ ಒಂದು ಒಣ ಪಂಚೆ ಸುತ್ತಿದರು. ಪುರೋಹಿತರು ದೂರದಿಂದಲೇ ಮೂಸಿ, "ಬೇಗ ಎತ್ಕೊಂಡು ಬಂದು ಇಳಿಸಿ, ಹಾಗೇ ಹಿಂದಕ್ಕೆ ಹೋಗ್ರಿ" ಎಂದು ಒಪ್ಪಿದರು. ಅವನು ಸರೋಜಳನ್ನು ಎತ್ತಿಕೊಂಡ. ಅವಳು ಮೂಗು ಮುಚ್ಚಿಕೊಂಡಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. ಇವನ ಕಣ್ಣಲ್ಲೂ ನೀರಿತ್ತು, ಆದರೆ ಅವನು ಹೊಳೆಯಿಂದ ಬಂದವನಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಊಟದ ಪಂಕ್ತಿಯಲ್ಲಿ ಮದುಮಗನ ಅಪ್ಪ ಹೂವಯ್ಯ ಬೇಕೆಂದೇ ಅವನ ಪಕ್ಕದ ಎಲೆಗೆ ಬಂದು ಕೂತರು. "ನಮ್ಮನೇಲೂ ಒಂದು ದೊಡ್ಡ ಕಾರಿದೆ. ಪೆಟ್ರೋಲು ಹಾಕಿ ಸಾಕಾಗಿದೆ. ಈ ಎರಡನೇ ಟ್ಯಾಂಕು ಹಾಕ್ಸಿದ್ರೆ ನೋಡ್ಕೊಳ್ಳೋದು ಹ್ಯಾಗೆ?"

ಶರಾವತಿ ಎದುರು ಸಾಲಿನಿಂದ ಗಂಡನನ್ನೇ ನೋಡುತ್ತಿದ್ದಳು. ಮುಕುಂದಯ್ಯ ಅನ್ನಕ್ಕೆ ಸಾರು ಕಲಸಿಕೊಂಡ.

"ನೋಡ್ಕೊಳ್ಳೋದು ಕಷ್ಟ ಇಲ್ಲ ಬೀಗ್ರೆ. ಆಯಿಲ್ ಬೇಗ ಬದಲಾಯಿಸ್ಬೇಕು. ಪರಿಚಯದವ್ರಿಲ್ದ ರಸ್ತೇಲಿ ಓಡಿಸ್ಬೇಕು. ಮತ್ತೆ, ದಾರೀಲಿ ಯಾರಾದ್ರೂ ಕಾರಿನ ವಿಚಾರ ಕೇಳಿದ್ರೆ..."

ಹಿಂದಿನ ಸಾಲಿನಿಂದ ದುಗ್ಗಮ್ಮ ಕರೆದಳು. "ಮುಕುಂದ, ಹೋಗ್ತಾ ಕೋಣಂದೂರಲ್ಲಿ ನಿಲ್ಲಿಸ್ಬೇಕು. ಮೂಕಾಂಬಿಕಾನ ಚೊಂಬು ಕೊಡ್ಬೇಕು. ಬರೀ ಚೊಂಬು ಕೊಡೋದು ಚೆನ್ನಾಗಿರಲ್ಲ, ಇಲ್ಲಿಂದ ಪಾಯಸ ತುಂಬಿಸ್ಕೊಂಡಿದೀನಿ."

ಮುಕುಂದಯ್ಯನ ಕೈ ಎಲೆಯ ಮೇಲೇ ನಿಂತಿತು. "ಆ ಚೊಂಬಿಗಾ?"

"ಮತ್ತೆ? ಶರಾವತಿ ಚೆನ್ನಾಗಿ ಒರೆಸಿದ್ಳಲ್ಲ."