ನಾಣ್ಯದ ಡಬ್ಬಿಯೊಳಗಿನ ಹಪ್ಪಳ

ಮಳೆಗಾಲದ ಸಂಜೆಯಾದರೆ ಸೋಲೋ ಪಟ್ಟಣದ ಲಾವೆಯಾನ್ ಓಣಿಯ ಮನೆಮನೆಯಲ್ಲೂ ಸೀಗಡಿ ಹಪ್ಪಳ ಕಚ್ಚುವ ಸದ್ದು. ವೆನಿಂಗಳ ಮನೆಯಲ್ಲಿ ಮಾತ್ರ ಆ ಸದ್ದನ್ನು ಅಪ್ಪ ಉಸಿರು ಬಿಗಿಹಿಡಿದು ಕೇಳುತ್ತಿದ್ದ.

ಅಪ್ಪ ವಿರ್ಯಾದಿಯ ಬಳಿ ಅಜ್ಜನ ಕಾಲದಿಂದ ಬಂದ ತಾಮ್ರದ ನಾಣ್ಯಗಳಿದ್ದವು: ಡಚ್ಚರ ಕಾಲದ ಸೆಂಟ್ ಕಾಸುಗಳು, ತೊಗಲುಗೊಂಬೆಗಳ ಚಿತ್ರ ಮೂಡಿದ ತೂತಿನ ದೊಡ್ಡ ನಾಣ್ಯಗಳು. ಹಸಿಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತದೆಂದು ಯಾರೋ ಹೇಳಿದ್ದೇ ತಡ, ಅವನ್ನೆಲ್ಲ ಹಪ್ಪಳದ ತಗಡಿನ ಡಬ್ಬಿಗೆ ತುಂಬಿ, ಮನೆಯ ನಡುವೆ ಭತ್ತದ ದೇವಿಗೆಂದು ಬಿಟ್ಟ ಕೋಣೆಯಲ್ಲಿಟ್ಟ. ಹಪ್ಪಳವನ್ನೇ ಗರಿಗರಿಯಾಗಿಡುವ ಡಬ್ಬಿ ನಾಣ್ಯವನ್ನು ಕೈಬಿಟ್ಟೀತೇ? ಆದರೂ ಅನುಮಾನ. ಹಾಗಾಗಿ ಬೆಳಿಗ್ಗೆ ನಾಣ್ಯಗಳ ಮೇಲೊಂದು ಹಪ್ಪಳ ಇಡುವುದು, ಸಂಜೆ ತೆಗೆದು ಕಚ್ಚುವುದು. ಗರಿಗರಿ ಎಂದರೆ ನಾಣ್ಯ ಕ್ಷೇಮ. ಅಪ್ಪನ ಹಲ್ಲು ಉದುರಿದ್ದವು, ಕಚ್ಚುವ ಕೆಲಸ ವೆನಿಂಗಳದು. ಅಪ್ಪನ ಕಿವಿಯೂ ತುಸು ಮಂದ. ಮಗಳ ಕೆನ್ನೆಗೆ ಕಿವಿ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಡಬ್ಬಿ ತೆರೆಯುವಾಗ ತನ್ನ ಉಸಿರು ತಾಗೀತೆಂದು ಗೋಡೆಯತ್ತ ತಿರುಗಿ ನಿಲ್ಲುತ್ತಿದ್ದ. ತನ್ನ ನಾಣ್ಯಗಳನ್ನು ತಾನೇ ನೋಡಿ ವರ್ಷದ ಮೇಲಾಗಿತ್ತು.

ಆವಿಯ ಭಯಕ್ಕೆ ಮನೆಯಲ್ಲಿ ಸಾರು ಕುದಿಯುವುದು ನಿಂತಿತ್ತು. ನಗುವವರು ಬೀದಿಗೆ ಹೋಗಬೇಕಿತ್ತು. ಅಳುವುದಕ್ಕಂತೂ ಅಮ್ಮ ಲಸ್ಮಿ ತನ್ನ ಅಕ್ಕನ ಮನೆಗೇ ಹೋಗಿಬರುತ್ತಿದ್ದಳು.

ಹೀಗಿರುವಾಗ ವೆನಿಂಗಳ ಮದುವೆ ಗೊತ್ತಾಯಿತು. ಪಕ್ಕದ ಓಣಿಯ ಸೆತೊ ಬಟ್ಟೆಗೆ ಮೇಣದ ಚಿತ್ತಾರ ಬರೆಯುವವನು, ಅವನ ಬಗ್ಗೆ ಅಪ್ಪನ ತಕರಾರಿರಲಿಲ್ಲ. ತಕರಾರು ನೀರಿನದು. ಮದುವೆಯ ಹಿಂದಿನ ದಿನ ಏಳು ಬಾವಿಗಳ ನೀರು ತಂದು ಅಂಗಳದಲ್ಲಿ ಹುಡುಗಿಗೆ ಹುಯ್ಯಬೇಕು. ಮೊದಲ ಸೌಟು ಅಪ್ಪನದೇ. ಅಂಗಳವಿರುವುದು ದೇವಿಯ ಕೋಣೆಯ ಎದುರಿಗೇ. ಒಂದು ಹಂಡೆ ನೀರು, ಮೇಲೆ ಅಷ್ಟು ಜನರ ಉಸಿರು! ಕೊನೆಗೆ ಅಪ್ಪ ತಾನೇ ದಾರಿ ಹುಡುಕಿದ. ಶಾಸ್ತ್ರ ನಡೆಯಲಿ, ಖಾಲಿ ಸೌಟಿನಲ್ಲಿ.

ಆ ಮಧ್ಯಾಹ್ನ ವೆನಿಂಗ್ ಮಲ್ಲಿಗೆಯ ಮಾಲೆ ಹೊದ್ದು ಮಣೆಯ ಮೇಲೆ ಕೂತಳು. ತುಂಬಿದ ಹಂಡೆ ಬೇಲಿಯಾಚೆ ಬೀದಿಯಲ್ಲೇ ನಿಂತಿತ್ತು. ನೆಂಟರು ಮೂಗುಬಾಯಿಗೆ ಕರವಸ್ತ್ರ ಹಿಡಿದು ಸರದಿಯ ಮೇಲೆ ಉಸಿರಾಡುತ್ತಿದ್ದರು. ಅಪ್ಪ ಕರಟದ ಸೌಟನ್ನು ಗಂಭೀರವಾಗಿ ಬಗ್ಗಿಸಿದ. ಅವಳ ತಲೆಯ ಮೇಲೆ ಏನೂ ಬೀಳಲಿಲ್ಲ.

"ತಣ್ಣಗಿದ್ಯೇನೇ?" ಎಂದು ದೊಡ್ಡಮ್ಮ ತಾರ್ಮಿ ಕರವಸ್ತ್ರದೊಳಗಿಂದಲೇ ಕೇಳಿದಳು.

ಮದುವಣಗಿತ್ತಿಯರನ್ನು ಸಿಂಗರಿಸುವ ಸುಗಿನಾಹ್ ಅಜ್ಜಿ ತನ್ನ ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟಳು. "ನೆನೀದಿರೋ ಹಣೆ ಮೇಲೆ ನಾನು ಮದುವೆಯ ಕಪ್ಪು ಚಿತ್ತಾರ ಬರೆಯಲ್ಲ ಕಣಪ್ಪ. ಬರೀದೆ ಇದ್ರೆ ನಾಳೆ ಇವಳು ಮದುಮಗಳೇ ಅಲ್ಲ. ಗಂಡಿನ ಕಡೆಯವರಿಗೆ ಈಗ್ಲೇ ಹೇಳಿಕಳಿಸು."

ಅಪ್ಪ ಯೋಚಿಸಿ ತೀರ್ಪನ್ನು ಹಪ್ಪಳಕ್ಕೆ ಬಿಟ್ಟ. ಇಷ್ಟು ಜನರ ನಡುವೆಯೂ ಅದು ಗರಿಗರಿಯಾಗಿದ್ದರೆ ನೀರು ಒಳಗೆ ಬರಲಿ. ಡಬ್ಬಿ ಬಂತು. ಅಪ್ಪ ಗೋಡೆಗೆ ತಿರುಗಿದ, ಅವಳು ಹಪ್ಪಳ ತೆಗೆದಳು, ಅವನ ಕಿವಿ ಕೆನ್ನೆಗೆ ಬಂತು. ಕಚ್ಚಿದಳು. ಹಪ್ಪಳ ನೆನೆದ ಕಾಗದದ ಹಾಗೆ ಮಡಚಿಕೊಂಡಿತು.

ಅಪ್ಪ ಎದ್ದು, ಎಲ್ಲರೂ ಹೊರಡಬೇಕೆಂದು ಕೈ ಬೀಸಿದ.

ವೆನಿಂಗ್ ಹತ್ತು ಜನರ ಮುಂದೆ ಬಾಯಿಬಿಟ್ಟವಳಲ್ಲ. ಬಾಯಲ್ಲಿದ್ದ ತುಂಡನ್ನು ನುಂಗಿ ಹೇಳಿದಳು: "ಅಪ್ಪ, ಕಿಲುಬು ಹಿಡೀತಿರೋದು ಗಾಳಿಗಲ್ಲ. ಹಪ್ಪಳದ ಉಪ್ಪಿಗೆ. ಒಂದ್ಸಲ ನೋಡಿ."

ಅಪ್ಪ ನೋಡಿದ. ನಾಣ್ಯಗಳ ಮೇಲೆಲ್ಲ ಹಪ್ಪಳದ ಅಂಚಿನದೇ ಆಕಾರದ ಹಸಿರು ಬಳೆಗಳು. ಒಂದು ನಾಣ್ಯದ ಮೇಲಿನ ರಾಜಕುಮಾರಿಯ ಬೊಂಬೆಗೆ ಹಸಿರು ಮೀಸೆ ಬಂದಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ಮಳೆಗಾಲದಲ್ಲಿ."

"ಮತ್ತೆ ಹೇಳಕ್ಕೇನಾಗಿತ್ತು?"

"ಹೇಳಿದ್ರೆ ಕಚ್ಚೋದು ನಿಲ್ತಿತ್ತು." ಅವಳು ಮಲ್ಲಿಗೆಯ ದಾರ ಎಳೆಯುತ್ತ ಕೂತಳು. "ಸಂಜೆ ನೀವು ನನ್ ಪಕ್ಕ ಬಂದು ಕೂರ್ತಿದ್ದಿದ್ದು ಅದೊಂದಕ್ಕೇ."

ನೆಂಟರು ಉಸಿರಾಡುವ ಸರದಿಯನ್ನೇ ಮರೆತರು. ಅಪ್ಪ ಡಬ್ಬಿಯನ್ನು ಎದೆಗವಚಿಕೊಂಡ. ಆಮೇಲೆ ಯಾರ ಮುಖವನ್ನೂ ನೋಡದೆ, ಉಪ್ಪು ಹೋಗಲಾಡಿಸುವುದು ಹೇಗೆಂದು ಕೇಳಿದ.

ಉಪ್ಪುಮೀನಿಗೆ ಮಾಡುವುದನ್ನೇ ಮಾಡಬೇಕು, ನೀರಲ್ಲಿ ನೆನೆಹಾಕಬೇಕು ಎಂದಳು ಅಮ್ಮ.

ಅಪ್ಪ ತಾನೇ ಬೀದಿಗೆ ಹೋಗಿ ಹಂಡೆಯನ್ನು ತುಳುಕಿಸುತ್ತ ಒಳಗೆ ತಂದ. ಗುಲಾಬಿ ಎಸಳು ತೇಲುತ್ತಿದ್ದ ನೀರಿಗೆ ಡಬ್ಬಿಯನ್ನು ಬೋರಲು ಹಾಕಿದ. ನಾಣ್ಯಗಳು ಗಳಗಳನೆ ತಳ ಸೇರಿದವು.

"ನಾಳೆ ಮದುವೆ ಯಾರಿಗಪ್ಪಾ, ಹುಡುಗೀಗೋ ಇವುಕ್ಕೋ?" ಎಂದಳು ದೊಡ್ಡಮ್ಮ.

ಅಪ್ಪ ಸೌಟನ್ನು ಆಳಕ್ಕೆ ಮುಳುಗಿಸಿ, ಮೇಲೆತ್ತಿ ಮಗಳ ತಲೆಗೆ ಹುಯ್ದ. ನೀರು ಬಂತು, ಎಸಳು ಬಂದವು, ಹಿಂದೆಯೇ ಅಜ್ಜನ ಕಾಲದ ದಪ್ಪ ನಾಣ್ಯವೊಂದು ಬಂದು ಹಣೆಗೆ ಠಣ್ಣೆಂದು ಬಡಿಯಿತು.

ಸುಗಿನಾಹ್ ಅಜ್ಜಿ ಪೆಟ್ಟಿಗೆ ತೆರೆದು ಹತ್ತಿರ ಬಂದು ನೋಡಿದಳು. ಹಣೆ ನೆನೆದಿದೆ, ಸಂತೋಷ. ಆದರೆ ಬೋರೆ ಎದ್ದಿದೆ. ಅದು ಇಳಿಯುವ ತನಕ ಚಿತ್ತಾರ ನೆಟ್ಟಗೆ ಬರುವುದಿಲ್ಲ, ತಣ್ಣಗಿರುವುದೇನಾದರೂ ಒತ್ತಿಹಿಡಿಯಿರಿ ಎಂದಳು.

ಅಪ್ಪ ಒದ್ದೆ ಮಣೆಯ ಪಕ್ಕ ನೆಲದಲ್ಲೇ ಕೂತು ಆ ನಾಣ್ಯವನ್ನೇ ಅವಳ ಹಣೆಗೆ ಒತ್ತಿದ. ಅದು ಬೆಚ್ಚಗಾದಾಗ ಹಂಡೆಗೆ ಕೈಹಾಕಿ ಇನ್ನೊಂದನ್ನು ತೆಗೆದ. ಹಂಡೆಯಲ್ಲಿ ಬೇಕಾದಷ್ಟಿದ್ದವು.