ಗಾಯರಾಣದ ಎಲ್ಲೆ

"ಮಣ್ಣ ಹೊರೂ ತಲಿ ನಿಂದು, ನಡಿಯೂ ಕಾಲು ನಿಂದು. ಎಲ್ಲಿ ನಡೀಬೇಕನ್ನೂ ಮಾತು ನಂದು. ತಿಳೀತೇನಲೇ ಸೂಳಿಮಗನ?"

ದ್ಯಾವನಗೌಡ ಹಲ್ಲುಜ್ಜುತ್ತಲೇ ಬೈಯುತ್ತಿದ್ದ. ಬಾಯಲ್ಲಿ ಬೇವಿನ ಕಡ್ಡಿ ಇದ್ದರೂ ಬೈಗುಳ ಸ್ಪಷ್ಟವಾಗಿಯೇ ಹೊರಬರುತ್ತಿತ್ತು, ಅಷ್ಟು ರೂಢಿ. ಕೊಟ್ಟಿಗೆಯ ಆಚೆ, ಗಂಜಲ ಹರಿಯುವ ಕಡೆ, ಕೆರವುಗಳನ್ನು ಕಂಕುಳಲ್ಲಿ ಒತ್ತಿಕೊಂಡು ಊರಿನ ಎಲ್ಲೆ ತೋರಿಸುವ ಚಾಕರಿಯ ಕುಳವಾಡಿ ಲಕ್ಕಪ್ಪ ನಿಂತಿದ್ದ. ಅರವತ್ತು ದಾಟಿದ ಆಳು.

"ಹೂಂನ್ರಿ ಗೌಡ್ರ."

"ಹೂಂ ಅಂದ್ರ ಆತೇನು? ಎಲ್ಲಿಂದ ಎಲ್ಲೀಮಟಾ, ಒದರು."

"ಹುಣಸೀಗಿಡದಿಂದ ನಮ್ಮ ಕೇರಿ ಬಳಸಿ, ಹೆಣಾ ಹುಗಿಯೂ ಜಾಗಾ ಸುತ್ತ ಹಾಕಿ, ಹಳ್ಳದ ದಂಡಿಗಿ ಬರೂದ್ರಿ."

"ನನ್ನ ಮೆಣಸಿನಕಾಯಿ ಹೊಲಾ?"

"ಅದು... ನಿಮ್ಮದ್ರಿ."

"ಹಾಂ. ಹೊಲ್ಯಾಗ ಶಾಣ್ಯಾತನ ಬಂತು." ಗೌಡ ಉಗುಳಿದ. ಅದು ಲಕ್ಕಪ್ಪನ ಹೆಬ್ಬೆರಳಿನ ಪಕ್ಕ ಬಿತ್ತು. ಅವನು ಕಾಲು ಸರಿಸಲಿಲ್ಲ.

ಹುಬ್ಬಳ್ಳಿ ಬೆಳೆಯುತ್ತಿತ್ತು. ಅದು ಬೆಳೆದರೆ ಎಂಟು ಮೈಲು ದೂರದ ಬಸರಕಟ್ಟಿಗೆ ಏನು ಎಂದು ಯಾರೂ ಯೋಚಿಸಿರಲಿಲ್ಲ. ಎಂಬತ್ತಾರರ ಮಾಘಮಾಸದಲ್ಲಿ, ಮೆಣಸಿನಕಾಯಿ ಕೆಂಪೇರಿದ ಹೊತ್ತಿಗೆ, ಪ್ಲಾನಿನ ಸಾಹೇಬ ಜೀಪಿನಲ್ಲಿ ಬಂದ. ಇಪ್ಪತ್ತು ವರ್ಷಗಳಾಚೆಗೆ ನಗರ ಹೇಗಿರಬೇಕೆಂಬುದು ಅವನ ನಕಾಶೆಯಲ್ಲಿ ಈಗಲೇ ತಯಾರಾಗಿತ್ತು. ಮನೆ ಕಟ್ಟುವ ಜಾಗಕ್ಕೆ ಹಳದಿ, ರಸ್ತೆಗೆ ಕೆಂಪು. ನಗರ ಅಂದಮೇಲೆ ಉಣ್ಣುತ್ತದೆ, ಉಂಡದ್ದನ್ನು ಎಲ್ಲಾದರೂ ಹೊರಗೆ ಹಾಕಬೇಕು. ಆ ಗಟಾರದ ನೀರನ್ನೆಲ್ಲ ನಿಲ್ಲಿಸುವ ಹೊಂಡಕ್ಕೆ ಕಂದು ಬಣ್ಣ. ಬಸರಕಟ್ಟಿಯ ಪಾಲಿಗೆ ಬಂದದ್ದು ಕಂದು. ಊರಿನ ದನ ಮೇಯುವ ಸರಕಾರಿ ಜಾಗ, ಗಾಯರಾಣ, ಹೊಂಡಕ್ಕೆ ಹೋಗಬೇಕು. ಅದರಾಚೆಯ ಹೊಲಗಳೆಲ್ಲ ಹಳದಿ.

ಗಾಯರಾಣ ಕಾಗದದಲ್ಲಿ ಹನ್ನೆರಡು ಎಕರೆ. ಆ ಹನ್ನೆರಡನ್ನೂ ಗೌಡ ಹತ್ತು ವರ್ಷದಿಂದ ಉತ್ತು, ಮೆಣಸಿನಕಾಯಿ ಬೆಳೆದು ಉಣ್ಣುತ್ತಿದ್ದ. ಅದರ ಬಾಜು ಇದ್ದದ್ದು ಹೊಲೆಗೇರಿಯ ಇಪ್ಪತ್ತೆರಡು ಮನೆ, ಮತ್ತು ಕೇರಿಯವರು ತಮ್ಮ ಸತ್ತವರನ್ನು ಹೂಳುವ ಜಾಗ. ಗಾಯರಾಣವೇ ಇದು ಎಂದು ಕೇರಿಯನ್ನು ತೋರಿಸಿಬಿಟ್ಟರೆ ಮನೆಗಳೂ ಹೆಣಗಳೂ ಹೊಂಡದೊಳಗೆ, ಗೌಡನ ಮೆಣಸಿನಕಾಯಿ ಹೊಲ ಹಳದಿಯೊಳಗೆ, ಮನೆ ಜಾಗದ ಬೆಲೆಗೆ.

ಎಲ್ಲೆಯ ಕಲ್ಲುಗಳಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಆ ಕಲ್ಲುಗಳನ್ನು ಕಿತ್ತವನು ಲಕ್ಕಪ್ಪನೇ. ಎತ್ತು ಎಡವುತ್ತವೆ, ಕಿತ್ತು ಹಾಕು ಎಂದು ಗೌಡ ಹೇಳಿದಾಗ ನಾಲ್ಕನ್ನೂ ಅಗೆದು, ಹೊತ್ತುಕೊಂಡು ಹೋಗಿ ಹಾಳುಬಾವಿಗೆ ಹಾಕಿ ಬಂದಿದ್ದ. ಆವತ್ತು ಅವನಿಗೆ ಏನೂ ಅನ್ನಿಸಿರಲಿಲ್ಲ. ಕಲ್ಲು ಬೇಕಾದದ್ದು ಎಲ್ಲೆ ಗೊತ್ತಿಲ್ಲದವರಿಗೆ, ಕುಳವಾಡಿಗೆ ಯಾತಕ್ಕೆ? ಅವನಪ್ಪ ಕೈಹಿಡಿದು ನಡೆಸಿ ಕಲಿಸಿದ ಎಲ್ಲೆ ಅವನ ಅಂಗಾಲಿನಲ್ಲೇ ಇತ್ತು. ಕುಳವಾಡಿಯೊಬ್ಬನೇ ಮಾಡಬಹುದಾದ ತಪ್ಪು ಅದು.

ಎಲ್ಲೆಯ ಜಗಳ ಬಂದರೆ ಕುಳವಾಡಿ ತಣ್ಣೀರು ಮೈಮೇಲೆ ಸುರಿದುಕೊಂಡು, ಒದ್ದೆ ಧೋತರದಲ್ಲಿ, ಎರೆಮಣ್ಣಿನ ಹೆಂಟೆ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ನಡೆಯಬೇಕು. ಮಣ್ಣು ಇಳಿಸುವವರೆಗೆ ಮಾತಾಡುವಂತಿಲ್ಲ. ಅವನು ನಡೆದದ್ದೇ ಎಲ್ಲೆ. ಸುಳ್ಳು ನಡೆದರೆ ಅವನ ವಂಶ ಉಳಿಯುವುದಿಲ್ಲ ಎಂದು ಊರು ನಂಬಿತ್ತು. ಸಾಹೇಬನಿಗೆ ಸೋಮವಾರದೊಳಗೆ ನಕಾಶೆ ಮುಗಿಯಬೇಕಿತ್ತು. ಕುಳವಾಡಿಯನ್ನು ನಡೆಸುವ ಉಪಾಯ ಹೇಳಿಕೊಟ್ಟವನು ಗೌಡನೇ. ಕೇರಿಯವನೇ ನಡೆದು ತೋರಿಸಿದ ಮೇಲೆ ಕೇರಿಯವರು ಬಾಯಿ ಬಿಡುವುದು ಹೇಗೆ?

ಹುಣಸೆಮರದ ಕೆಳಗೆ ಸಾಹೇಬನ ಅಳತೆ ಸರಪಳಿ ಹಿಡಿಯುವ ಅಬ್ದುಲಮಜೀದ ಲಕ್ಕಪ್ಪನ ಹತ್ತಿರ ಬಂದು ಬೀಡಿ ಕೊಟ್ಟ.

"ಕಾಕಾ, ಒಂದ ಮಾತ ತಿಳಕೋ. ನೀ ಹೆಂಗ ನಡೀತಿ ಹಂಗ ಕಾಗದದ ಮ್ಯಾಲ ಗೆರಿ ಬೀಳತೈತಿ. ಬಿದ್ದ ಮ್ಯಾಲ ನಿಮ್ಮಪ್ಪ ಎದ್ದು ಬಂದ್ರೂ ಅಳಸಾಕ ಆಗೂದಿಲ್ಲ."

"ನೀರು ಭಾಳ ಬರತೈತೇನು ತಮ್ಮಾ?"

"ಹುಬ್ಬಳ್ಳಿ ಮಂದಿ ಎಲ್ಲಾ ಮುಂಜಾನೆದ್ದು ಎಷ್ಟ ಹೇಲತಾರ, ನೀನ ಲೆಕ್ಕಾ ಹಾಕು."

ಲಕ್ಕಪ್ಪ ಬೀಡಿ ಹಚ್ಚಲಿಲ್ಲ. ಕೇರಿಯ ಬಾವಿಕಟ್ಟೆಯಲ್ಲಿ ಮಗಳು ಸಾವಂತ್ರೆವ್ವ ಕೊಡ ತುಂಬಿ ಅವನ ತಲೆಯ ಮೇಲೆ ನೀರು ಸುರಿದಳು. ಸುರಿಯುತ್ತಲೇ ಕೇಳಿದಳು.

"ಎಪ್ಪಾ, ಖರೇ ಹೇಳು. ಅವ್ವನ ಕುಣಿ ಮ್ಯಾಲ ಹುಬ್ಬಳ್ಳಿ ಹೇಲು ನಿಲ್ಲಸಾಕ ಹೊಂಟೀಯೇನು?"

"ಇಲ್ಲಂದ್ರ ಗೌಡ ಬಿಡತಾನೇನವಾ? ಕೂಲಿ ಬಂದ ಮಾಡತಾನ. ಕೇರಿಗೆ ಬೆಂಕಿ ಇಟ್ರೂ ಇಟ್ಟಾನ."

"ಇಡ್ಲಿ. ಸುಟ್ಟ ಮನಿ ಮತ್ತ ಕಟ್ಟಬಹುದು. ಹೇಲಿನ ಹೊಂಡದಾಗ ಮುಣಿಗಿದ್ದು ಹೆಂಗ ಕಟ್ಟತಿ?" ಕೊಡವನ್ನು ನೆಲಕ್ಕೆ ಕುಕ್ಕಿದಳು. "ಕಲ್ಲ ಕಿತ್ತಾಗ ನೀ ಯಾರನ್ನೂ ಕೇಳಲಿಲ್ಲ. ಈಗರೆ ಕೇಳು."

ಅವಳು ಬೈದದ್ದಕ್ಕಿಂತ, ಅದು ನಿಜವಾಗಿದ್ದದ್ದಕ್ಕೇ ಅವನಿಗೆ ಹೆಚ್ಚು ನೋವಾಯಿತು. ಎದೆಯೊಳಗೆ ಹೆದರಿಕೆ ಇತ್ತು, ನಾಚಿಕೆಯೂ ಇತ್ತು. ಯಾವುದು ಹೆಚ್ಚು ಎಂದು ಅವನಿಗೇ ತಿಳಿಯಲಿಲ್ಲ.

ಬಿಸಿಲೇರಿತು. ಜೀಪಿನ ಬಾನೆಟ್ಟಿನ ಮೇಲೆ ಸಾಹೇಬ ನಕಾಶೆ ಹರವಿದ. ಗೌಡ ಅವನಿಗೆ ಎಳನೀರು ಕೊಡಿಸಿದ್ದ. ಕೇರಿಯ ಜನ ದೂರದಲ್ಲಿ ಗುಂಪಾಗಿ ನಿಂತಿದ್ದರು. ಲಕ್ಕಪ್ಪ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ಹುಣಸೆಮರದಿಂದ ಹೊರಟ. ಹಿಂದೆ ಸರಪಳಿ ಎಳೆಯುತ್ತ ಅಬ್ದುಲಮಜೀದ.

ಮೂವತ್ತು ಹೆಜ್ಜೆ ಆದಮೇಲೆ ಎಡಕ್ಕೆ ಹೊರಳಿದರೆ ಕೇರಿ. ಲಕ್ಕಪ್ಪನ ಮನಸ್ಸು ಎಡಕ್ಕೆ ಹೋಗು ಎಂದಿತು. ಕಾಲು ಬಲಕ್ಕೆ ಹೋಯಿತು. ನೇರವಾಗಿ ಮೆಣಸಿನಕಾಯಿ ಹೊಲದೊಳಗೆ.

"ಏ ಲಕ್ಕ್ಯಾ! ಆ ಕಡೆ ಅಲ್ಲಲೇ, ಈ ಕಡೆ!" ಗೌಡ ಮೊದಲು ನಕ್ಕ. ಮುದುಕನಿಗೆ ದಾರಿ ತಪ್ಪಿದೆ ಎಂದುಕೊಂಡ. ಆಮೇಲೆ ಧೋತರ ಎತ್ತಿಕೊಂಡು ಓಡಿ ಬಂದ. "ನಿಂದರಲೇ ಬೋಳಿಮಗನ! ನನ್ನ ಅನ್ನಾ ತಿಂದ ನನಗ ಎರಡ ಬಗೀತಿ?"

ಲಕ್ಕಪ್ಪ ನಡೆಯುತ್ತಲೇ ಇದ್ದ. ಗೌಡ ಅವನ ತೋಳಿಗೆ ಕೈ ಹಾಕಲು ಹೋದವನು ಗೇಣು ದೂರದಲ್ಲೇ ನಿಂತುಬಿಟ್ಟ. ಎಳೆದು ನಿಲ್ಲಿಸಬೇಕೆಂದರೆ ಮುಟ್ಟಬೇಕು. ಊರೆಲ್ಲ ನೋಡುತ್ತಿರುವಾಗ, ಮಟಮಟ ಮಧ್ಯಾಹ್ನ, ಗೌಡ ಹೊಲೆಯನನ್ನು ಮುಟ್ಟುವುದು ಹೇಗೆ? ಹುಟ್ಟಿದಾಗಿನಿಂದ ಲಕ್ಕಪ್ಪನನ್ನು ಹೊರಗೆ ನಿಲ್ಲಿಸಿದ ಮೈಲಿಗೆ ಇವತ್ತೊಂದು ದಿನ ಅವನನ್ನು ಕಾಯಿತು. ಗೌಡ ನೆಲದಿಂದ ಕಲ್ಲು ಆರಿಸಿ ಬೀಸಿದ. ಬೆನ್ನಿಗೆ ಬಿತ್ತು. ಇನ್ನೊಂದು ಕಲ್ಲಿಗೆ ಕಿವಿ ಹರಿಯಿತು. ರಕ್ತ ಕುತ್ತಿಗೆಗಿಳಿದರೂ ಹೆಂಟೆ ಅಲುಗಲಿಲ್ಲ.

ಹನ್ನೆರಡು ಎಕರೆಯನ್ನೂ ಸುತ್ತಿ ಲಕ್ಕಪ್ಪ ಜೀಪಿನ ಹತ್ತಿರ ಬಂದ.

"ಅವಗ ತಲಿ ಕೆಟ್ಟೈತ್ರಿ ಸಾಹೇಬ್ರ, ಬರಕೋಬ್ಯಾಡ್ರಿ!" ಗೌಡ ಏದುಸಿರು ಬಿಡುತ್ತಿದ್ದ. ಊರ ಅಗಸೆಬಾಗಿಲ ಕಡೆ ತಿರುಗಿ ತನ್ನ ಆಳುಗಳ ಹೆಸರು ಹಿಡಿದು ಕೂಗಿದ.

ಸಾಹೇಬ ಕನ್ನಡಕ ಒರೆಸಿಕೊಂಡ. "ಕುಡಿದು ಬಂದಾನ ಅಂತ ಕಾಣಸ್ತದ. ಮಜೀದ, ಇದನ್ನ ಬಿಟ್ಟುಬಿಡು. ಗೌಡ್ರು ಹೇಳಿದ ಹಾಗೆ ಕೇರಿ ಕಡೆ ಗೆರಿ ಹಾಕೋಣ." ಸ್ಕೇಲು ಇಟ್ಟು ಪೆನ್ಸಿಲ್ ತೆಗೆದುಕೊಂಡ. ಇಪ್ಪತ್ತೆರಡು ಮನೆಗಳ ಮೇಲೆ ಗೆರೆ ಎಳೆಯಲು ಅವನಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಿರಲಿಲ್ಲ.

ಲಕ್ಕಪ್ಪ ಎರಡೂ ಕೈ ಎತ್ತಿ ಹೆಂಟೆ ತೆಗೆದ. ಪದ್ಧತಿಯಂತೆ ಅದನ್ನು ಎಲ್ಲೆ ಮುಗಿದಲ್ಲಿ ನೆಲಕ್ಕೆ ಇಳಿಸಬೇಕು. ಅವನು ನಕಾಶೆಯ ಮೇಲೆ ಇಳಿಸಿದ. ಬೆವರು, ನೀರು, ರಕ್ತ ಸೇರಿ ಹಸಿಯಾಗಿದ್ದ ಎರೆಮಣ್ಣು ಹಳದಿಯ ಮೇಲೂ ಕಂದಿನ ಮೇಲೂ ಪಚ್ಚೆಂದು ಕೂತಿತು.

"ಇದರೀ ಎಲ್ಲೆ," ಎಂದ. "ಕಲ್ಲ ಕಿತ್ತಾವ ನಾನ. ಗೌಡ್ರು ಹೇಳಿದ್ರು, ಕಿತ್ತೆ. ಇದನ್ನೂ ಬರಕೋರಿ."

ಸಾಹೇಬ ಗಾಬರಿಯಿಂದ ಅಂಗೈಯಲ್ಲಿ ಒರೆಸಿದ. ಒರೆಸಿದಷ್ಟೂ ಕಪ್ಪು ಹರಡಿತು, ಹುಬ್ಬಳ್ಳಿಯ ಅರ್ಧ ಕಾಣದಾಯಿತು. "ಇನ್ನೊಂದು ಪ್ರತಿ ಅದ ಆಫೀಸಿನಾಗ!" ಎಂದು ಕಿರುಚಿದ. "ಅದರ ಮ್ಯಾಲ ಹಾಕತೀನಿ!"

ಅಬ್ದುಲಮಜೀದ ಸರಪಳಿ ಕೆಳಗೆ ಹಾಕಿದ, ಮತ್ತೆ ಎತ್ತಿಕೊಳ್ಳಲಿಲ್ಲ. ಅಗಸೆಯಿಂದ ಎಂಟು ಹತ್ತು ಮಂದಿ ಬಡಿಗೆ ಹಿಡಿದು ಬರುತ್ತಿದ್ದರು.

"ಸಂಶೇ ಇದ್ರ ಮತ್ತೊಮ್ಮಿ ನಡೀತೀನ್ರಿ," ಎಂದು ಲಕ್ಕಪ್ಪ ಮಣ್ಣಿಗೆ ಬಗ್ಗಿದ. ತಲೆ ತಿರುಗಿ ಮೊಣಕಾಲೂರಿದ.

ಸಾವಂತ್ರೆವ್ವ ಮುಂದೆ ಬಂದಳು. ಹೆಂಗಸು ಎಲ್ಲೆಯ ಮಣ್ಣು ಹೊತ್ತದ್ದನ್ನು ಆ ಊರು ಯಾವ ಕಾಲಕ್ಕೂ ಕಂಡಿರಲಿಲ್ಲ. ಬಾಜುವಿನಲ್ಲೇ ಇದ್ದ ತಾಯಿಯ ಕುಣಿಯ ಮೇಲಿನ ಹೆಂಟೆಯೊಂದನ್ನು ಕಿತ್ತು ತಲೆಯ ಮೇಲಿಟ್ಟುಕೊಂಡು, ಸೀರೆಯ ಕಚ್ಚೆ ಬಿಗಿದು, ಮೆಣಸಿನಕಾಯಿ ಹೊಲಕ್ಕೆ ಇಳಿದಳು. ಹಿಂದೆ ನೆರೆಮನೆಯ ರಾಮವ್ವ ಮಣ್ಣಿಗೆ ಬಗ್ಗಿದಳು. ಆಮೇಲೆ ಒಬ್ಬೊಬ್ಬರಾಗಿ ಕೇರಿಯ ಹೆಂಗಸರೆಲ್ಲ ಬಗ್ಗಿ ಹೆಂಟೆ ಹೊತ್ತರು.

ಬಡಿಗೆಯವರು ಹಳ್ಳ ದಾಟಿ ಬದುವಿನ ಮೇಲೆ ಬಂದರು. ಹೆಂಗಸರು ಒಬ್ಬರೂ ಕೂಗಲಿಲ್ಲ, ಓಡಲಿಲ್ಲ. ಸಾಲಾಗಿ ಅವರ ಕಡೆಗೇ ನಡೆದರು.