ಕುರ್ಚಿಯ ಮೇಲಿನ ನೀಲಿ ಸ್ವೆಟರ್

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಸಾಲಿನ ಹೆಂಗಸರೆಲ್ಲ ಸೇರಿ ಒಂದು ನೀಲಿ ಸ್ವೆಟರ್ ಇಟ್ಟುಕೊಂಡಿದ್ದೆವು. ಅದು ಚಳಿಗಲ್ಲ, ಸೂಪರ್‌ವೈಸರ್ ಕಣ್ಣಿಗೆ ಮಣ್ಣೆರಚುವುದಕ್ಕೆ. ಮಗುವಿಗೆ ಹುಷಾರಿಲ್ಲವೆಂದು ಶಾಲೆಯಿಂದ ಫೋನ್ ಬಂದರೆ, ಓಡುವ ತಾಯಿ ಅದನ್ನು ತನ್ನ ಕುರ್ಚಿಗೆ ಹಾಕುತ್ತಿದ್ದಳು. ಸ್ವೆಟರ್ ಇದ್ದರೆ ಆಸಾಮಿ ಬಾತ್‌ರೂಮಿಗೆ ಹೋಗಿದ್ದಾಳೆ ಎಂದು ಅರ್ಥ. ಪಕ್ಕದವಳು ಅವಳ ಪಾಲಿನ ಬಟ್ಟೆಯನ್ನೂ ಎಳೆದುಕೊಂಡು ಹೊಲಿಯಬೇಕು, ರಾಶಿ ಬೀಳಬಾರದು. ಇಷ್ಟೇ ನಮ್ಮ ಕಾನೂನು.

ನನ್ನ ಪಕ್ಕ ಕೂರುವವಳು ಕಾಲರ್ ಅಕ್ಕ. ಕಾಲರ್ ಹೊಲಿಯುತ್ತಾಳೆ, ಅದಕ್ಕೇ ಆ ಹೆಸರು. ಅವಳ ಮಗನಿಗೆ ಉಬ್ಬಸ. ಅವಳು ಓಡಿದಾಗಲೆಲ್ಲ ನನ್ನ ಪಾಲಿನ ಅಂಗಿ ತೋಳುಗಳ ಜೊತೆಗೆ ಅವಳ ಕಾಲರುಗಳನ್ನೂ ನಾನೇ ಹೊಲಿದಿದ್ದೇನೆ. ಸೂಪರ್‌ವೈಸರ್ ಕೇಳಿದರೆ "ಹೊಟ್ಟೆ ಕೆಟ್ಟಿದೆ ಸಾರ್" ಎನ್ನುತ್ತಿದ್ದೆ. ಅವಳ ಹೊಟ್ಟೆ ಕೆಟ್ಟಷ್ಟು ಲೋಕದಲ್ಲಿ ಯಾರದೂ ಕೆಟ್ಟಿರಲಿಕ್ಕಿಲ್ಲ.

ಆ ವಾರ ಬೆಳಗಿನ ಶಿಫ್ಟಿನಲ್ಲಿ ಒಂದು ಜಾಗ ಖಾಲಿಯಾಯಿತು. ಅದು ಸಿಕ್ಕವಳು ಶಾಲೆ ಬಿಡುವ ಹೊತ್ತಿಗೆ ಮನೆಯಲ್ಲಿರಬಹುದು. ನನ್ನ ಗಂಡ ಲಾರಿ ಹತ್ತಿದರೆ ಎಂದು ಇಳಿಯುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಮಗಳು ತಾನೇ ಬೀಗ ತೆಗೆದು, ಒಳಗಿನಿಂದ ಚಿಲಕ ಹಾಕಿಕೊಂಡು, ಕತ್ತಲಾಗುವವರೆಗೆ ಟಿವಿಯ ಜೊತೆ ಮಾತಾಡುತ್ತಾಳೆ. ನನಗೆ ಆ ಜಾಗ ಬೇಕೇ ಬೇಕಿತ್ತು. ಕಾಲರ್ ಅಕ್ಕನಿಗೂ ಬೇಕಿತ್ತು. "ನಿಂಗೇ ಸಿಗ್ಲಿ ಬಿಡೆ, ನಿಂದು ಹೆಣ್ಣುಮಗು" ಎಂದಿದ್ದಳು. ನಾನು ಕರಗಿಹೋಗಿದ್ದೆ.

"ಶುಕ್ರವಾರ ಸಾಯಂಕಾಲ ಹೇಳ್ತೀನಿ. ಅಲ್ಲೀವರೆಗೆ ಯಾರು ಸೀಟಲ್ಲಿ ಇರ್ತಾರೆ ನೋಡ್ತೀನಿ" ಎಂದ ಸೂಪರ್‌ವೈಸರ್. ಶುಕ್ರವಾರ ಮಧ್ಯಾಹ್ನವೇ ಫೋನ್ ಬಂತು. ಮಗಳು ವಾಂತಿ ಮಾಡಿಕೊಳ್ಳುತ್ತಿದ್ದಳಂತೆ. ಅಕ್ಕನೇ ಸ್ವೆಟರ್ ತಂದು ನನ್ನ ಕುರ್ಚಿಗೆ ಹಾಕಿದಳು.

"ಓಡು, ನಾನಿಲ್ವಾ?"

ಶಾಲೆ ಇರುವುದು ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲೇ. ಮಗಳನ್ನು ಎತ್ತಿಕೊಂಡು ಬಂದು ಪಕ್ಕದ ಮನೆಯ ಅಜ್ಜಿಯ ಬಳಿ ಮಲಗಿಸಿದೆ. "ಹೋಗ್ಬೇಡಮ್ಮ" ಎಂದು ಮಗಳು ಕೈ ಹಿಡಿದಳು.

"ಇವತ್ತೊಂದಿನ ಕಣೆ ಚಿನ್ನ. ಸೋಮವಾರದಿಂದ ನೀನು ಬರೋ ಹೊತ್ತಿಗೆ ನಾನೇ ಬಾಗಿಲು ತೆಗೀತೀನಿ" ಎಂದು ಬೆರಳು ಬಿಡಿಸಿಕೊಂಡು ಫ್ಯಾಕ್ಟರಿಗೆ ಓಡಿದೆ.

ನನ್ನ ಕುರ್ಚಿ ಬೋಳಾಗಿತ್ತು. ತೋಳುಗಳ ರಾಶಿ ಜಾರಿ ನೆಲಕ್ಕೆ ಬಿದ್ದಿತ್ತು. ಸೂಪರ್‌ವೈಸರ್ ಅದರ ಮುಂದೆ ಕೈಕಟ್ಟಿ ನಿಂತಿದ್ದ. ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಅವಳ ಮೈಮೇಲೆ ನೀಲಿ ಸ್ವೆಟರ್, ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದಳು.

"ಚಳಿ ಆಯ್ತು ಕಣೆ" ಎಂದಳು, ನನ್ನ ಮುಖ ನೋಡದೆ. ಹೊರಗೆ ರಣಬಿಸಿಲು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ಜಾಗ ಅವಳಿಗೇ ಹೋಯಿತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಜುಟ್ಟು ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದೆ. ಇವಳ ಮಗ ಉಸಿರಿಗೆ ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೈಯಲು ಬಾಯಿ ತೆರೆದರೆ ಅದೇ ನೆನಪಾಗುತ್ತದೆ, ಬೈಯಲಾಗದ್ದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚುತ್ತದೆ.

ಸೋಮವಾರ ಮಧ್ಯಾಹ್ನ ಅವಳು ಮನೆಗೆ ಹೊರಟಾಗ ನಾನಿನ್ನೂ ಹೊಲಿಯುತ್ತಿದ್ದೆ. ಒಗೆದು ಮಡಚಿದ ಸ್ವೆಟರನ್ನು ನನ್ನ ಮೆಷಿನ್ ಪಕ್ಕ ಇಟ್ಟಳು.

"ನೀನೇ ಇಟ್ಕೊಳೆ. ಇನ್ಮೇಲೆ ನಂಗೆ ಬೇಕಾಗಲ್ಲ."

ಕತ್ತಲಾದ ಮೇಲೆ ಮನೆ ಸೇರಿದೆ. ಜಾಗ ಸಿಗಲಿಲ್ಲವೆಂದು ಮಗಳಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಬೆಳಗ್ಗೆ ಎಂದಿನಂತೆ ಅವಳ ಬ್ಯಾಗಿನಲ್ಲಿ ಬೀಗದ ಕೈ ಹಾಕಿ ಶಾಲೆಗೆ ಕಳಿಸಿದ್ದೆ. ಚಿಲಕ ತೆಗೆದವಳು ನನ್ನ ಕಡೆ ನೋಡದೆ ಟಿವಿಯ ಮುಂದೆ ಹೋಗಿ ಕೂತಳು.

"ಬಾಗಿಲಿಗೆ ಬೀಗ ಹಾಕಿತ್ತು, ಆದ್ರೂ ತಟ್ಟಿದೆ" ಎಂದಳು. "ನೀನೇ ತೆಗೀತೀನಿ ಅಂದಿದ್ಯಲ್ಲ."